ಕಂಚಿನ ಓಟಗಾರರು ಮತ್ತು ವೀರಗಲ್ಲಿನ ಹೆಸರು

ರಾಬರ್ಟ್ ಟೇಟ್ ಮೆಕೆಂಜಿ (1867–1938) ವೈದ್ಯರೂ ಶಿಲ್ಪಿಯೂ ಆಗಿದ್ದವರು. ಕೆನಡಾದಲ್ಲಿ ಹುಟ್ಟಿ, 1904ರಿಂದ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣದ ಹೊಣೆ ಹೊತ್ತ ಇವರು ಕಾಲೇಜು ಕ್ರೀಡಾಪಟುಗಳನ್ನೇ ತಮ್ಮ ಕಲೆಯ ಮುಖ್ಯ ವಸ್ತುವಾಗಿಸಿಕೊಂಡರು. 'ಪ್ರಯತ್ನದ ಹರ್ಷ' ಎಂಬ ಅರ್ಥದ ಶೀರ್ಷಿಕೆಯುಳ್ಳ ಇವರ ದುಂಡನೆಯ ಕಂಚಿನ ಉಬ್ಬುಶಿಲ್ಪವು 1912ರ ಒಲಿಂಪಿಕ್ ಕ್ರೀಡೆಗಳ ನೆನಪಾಗಿ ಸ್ಟಾಕ್‌ಹೋಮ್ ಕ್ರೀಡಾಂಗಣದ ಗೋಡೆಯನ್ನು ಸೇರಿತು. ಅದನ್ನು ಠಾಣೆ ಸೀಮೆಯ ಹಾಗೂ ಕರ್ನಾಟಕದ ವೀರಗಲ್ಲುಗಳ ಎದುರಿಗಿಟ್ಟು ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ.

ಫಲಕದಲ್ಲಿ ಮೂವರು ಓಟಗಾರರು ಅಡೆತಡೆಯನ್ನು ಹಾರುತ್ತಿದ್ದಾರೆ. ಒಬ್ಬನ ಮೈ ಇನ್ನೊಬ್ಬನ ಮೈಯನ್ನು ಭಾಗಶಃ ಮರೆಮಾಡುವುದರಿಂದ ಮೂವರೂ ಒಂದೇ ಚಲನೆಯ ಅಲೆಗಳಂತೆ ಕಾಣುತ್ತಾರೆ. ತೆಳುವಾದ ಉಬ್ಬಿನಲ್ಲಿ ಇಷ್ಟು ವೇಗವನ್ನು ಹಿಡಿದಿಟ್ಟಿರುವುದು ಶಿಲ್ಪಿಯ ನಿಜವಾದ ಸಾಧನೆ. ಶ್ರಮದಿಂದ ಮುಖ ಬದಲಾಗುವ ಬಗೆಯನ್ನು ಅಭ್ಯಸಿಸಿ ಏದುಸಿರು, ದಣಿವು, ಬಳಲಿಕೆಗಳ ಮುಖವಾಡಗಳನ್ನು ಇವರು ಮೊದಲೇ ರಚಿಸಿದ್ದರು. ಆ ಅರಿವು ಈ ಕೃತಿಗೆ ಬಲ ನೀಡಿದೆ.

ಆದರೆ ಈ ಓಟಗಾರರು ಯಾರು? ಮೆಕೆಂಜಿಯವರ 1903ರ 'ಕ್ರೀಡಾಪಟು' ಪ್ರತಿಮೆ ಕಾಲೇಜು ವಿದ್ಯಾರ್ಥಿಗಳ ದೇಹದ ಅಳತೆಗಳ ಸರಾಸರಿಯಿಂದ ರೂಪುಗೊಂಡದ್ದು. ಎಲ್ಲರಿಂದಲೂ ಅಳತೆ ಪಡೆದ ಆ ಮೈ ಕೊನೆಗೆ ಯಾರದ್ದೂ ಅಲ್ಲ. ಸ್ಟಾಕ್‌ಹೋಮಿನ ಫಲಕವೂ ಆದರ್ಶವನ್ನು ಕೊಂಡಾಡುತ್ತದೆಯೇ ಹೊರತು ವ್ಯಕ್ತಿಯನ್ನಲ್ಲ.

ನಮ್ಮ ಉಬ್ಬುಶಿಲ್ಪ ಪರಂಪರೆಯ ನಡೆ ಬೇರೆ. ಹಿಂದೆ ಠಾಣೆ ಜಿಲ್ಲೆಗೆ ಸೇರಿದ್ದು ಇಂದು ಮುಂಬೈಯ ಬೊರಿವಲಿಯ ಭಾಗವಾಗಿರುವ ಎಕ್ಸರ್‌ನ ವೀರಗಲ್ಲುಗಳು ಶಿಲಾಹಾರರ ಕಾಲದವೆಂದು ಪ್ರಸಿದ್ಧವಾಗಿವೆ. ಅಲ್ಲಿ ಸಾಲುಹುಟ್ಟುಗಳ ಹಡಗುಗಳು ಕಾದುತ್ತವೆ. ಕೆಳಗಿನ ಪಟ್ಟಿಕೆಯಿಂದ ಮೇಲೇರುವ ಕಣ್ಣು ಕೊನೆಗೆ ಶಿವಸಾನ್ನಿಧ್ಯವನ್ನು ತಲುಪುತ್ತದೆ. ಮರಾಠಿಯಲ್ಲಿ ಇಂತಹ ಶಿಲೆಗಿರುವ 'ವೀರಗಳ' ಎಂಬ ಹೆಸರಿನಲ್ಲಿ ಕನ್ನಡದ 'ಕಲ್ಲು' ಇಂದಿಗೂ ಉಳಿದಿದೆ. ಮೆಕೆಂಜಿಯವರದು ಒಂದು ಕ್ಷಣ. ಇಲ್ಲಿಯದು ಒಂದು ಬಾಳಿನ ಕೊನೆ ಮತ್ತು ಅದರಾಚೆಯ ಗತಿ.

ಹೆಸರಿನ ಪ್ರಶ್ನೆಗೆ ಉತ್ತರ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನಲ್ಲಿದೆ. ಕ್ರಿ.ಶ. 949–50ರ ಈ ಶಾಸನದ ಪ್ರಕಾರ ಬೂತುಗನ ಆಳಾದ ಮಣಲೇರನು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಲ್ಲಿ ಬೇಡಿ ಪಡೆದದ್ದು 'ಕಾಳಿ' ಎಂಬ ನಾಯಿಯನ್ನು. ಅದು ದೊಡ್ಡ ಹಂದಿಯೊಡನೆ ಕಾದಿ, ಎರಡೂ ಸತ್ತವು. ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಂತಿತು, ಅದಕ್ಕೆ ಭೂಮಿ ಬಿಡಲಾಯಿತು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪವೆಂಬ ಕಟ್ಟಳೆಯೂ ಉಂಟು. ನಾಯಿಗೂ ಹೆಸರಿದೆ, ಹೆಸರಿನ ಹಿಂದೆ ನೆನಪಿನ ಹೊಣೆ ಹೊತ್ತ ಊರಿದೆ.

ಆಟವನ್ನೂ ಸಾವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದೆಂಬ ಆಕ್ಷೇಪ ನ್ಯಾಯವಾದುದೇ. ಓಟಗಾರನು ನಾಳೆ ಮತ್ತೆ ಓಡುವವನು. ಅವನಿಗೆ ವೀರಸ್ವರ್ಗದ ಅಗತ್ಯವಿಲ್ಲ. ಆದರೂ ಕೊಂಡಾಡುವ ಶಿಲ್ಪವು ಕೊಂಡಾಡಿಸಿಕೊಂಡವನನ್ನು ಮರೆಯಬಹುದೇ ಎಂಬ ಪ್ರಶ್ನೆ ಉಳಿಯುತ್ತದೆ. ಮೆಕೆಂಜಿಯವರ ಕಂಚು ನೋಡುಗನಿಂದ ಮೆಚ್ಚುಗೆಯನ್ನು ಮಾತ್ರ ಕೇಳುತ್ತದೆ. ಆತಕೂರಿನ ಕಲ್ಲು ಪೂಜೆಯನ್ನು, ಉಂಬಳಿಯನ್ನು, ನೆನಪನ್ನು ಕೇಳುತ್ತದೆ. ಆದುದರಿಂದ ಠಾಣೆ, ಕಲ್ಯಾಣಗಳ ಸುತ್ತ ಕ್ಷೇತ್ರಕಾರ್ಯ ಮಾಡುವ ಹೊರನಾಡಿನ ಸಂಶೋಧಕರು ವೀರಗಲ್ಲಿನ ಅಳತೆ, ಪಟ್ಟಿಕೆಗಳ ಜೊತೆಗೆ ಊರವರು ಅದನ್ನು ಕರೆಯುವ ಹೆಸರನ್ನೂ ಸಲ್ಲಿಸುವ ಸೇವೆಯನ್ನೂ ದಾಖಲಿಸಬೇಕೆಂಬುದು ನಮ್ಮ ಅಭಿಪ್ರಾಯ. ಬರಹ ಸವೆದ ಕಲ್ಲಿಗೆ ಉಳಿದಿರುವ ಶಾಸನ ಅದೊಂದೇ.