ವಿಮಾನಪತನವೂ ಇಂಗ್ಲಿಷ್ ಕವಿತೆಯೂ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಹೊಲಗಳ ಮೇಲೂ ಗುಡ್ಡಗಾಡುಗಳಲ್ಲಿಯೂ ಬಿದ್ದು ಭಗ್ನವಾದ ಯುದ್ಧವಿಮಾನಗಳು ಅಸಂಖ್ಯ. ಅವೆಲ್ಲವೂ ಶತ್ರುವಿನ ಗುಂಡಿಗೆ ಸಿಕ್ಕಿ ಬಿದ್ದವಲ್ಲ. ಬ್ರಿಟಿಷ್ ವಾಯುಪಡೆಯ ಬಾಂಬರ್ ಕಮ್ಯಾಂಡ್ ಎಂಬ ಒಂದು ವಿಭಾಗದಲ್ಲಿಯೇ ಮಡಿದ 55,573 ಮಂದಿಯಲ್ಲಿ ಎಂಟು ಸಾವಿರಕ್ಕೂ ಮಿಗಿಲಾದವರು ಶಿಕ್ಷಣದ ಹಾರಾಟಗಳಲ್ಲಿಯೂ ಇತರ ಅಪಘಾತಗಳಲ್ಲಿಯೂ ತೀರಿಕೊಂಡವರು. ಮಂಜು, ಮೋಡ, ಕತ್ತಲೆ, ಇನ್ನೂ ಪಳಗದ ಕೈ, ಇವೇ ಅವರ ಪಾಲಿನ ವೈರಿಗಳು. ಡರ್ಬಿಷೈರಿನ ಬ್ಲೀಕ್ಲೋ ಗುಡ್ಡಕ್ಕೆ ಲ್ಯಾಂಕಾಸ್ಟರ್ ವಿಮಾನವೊಂದು ಬಡಿದು ಆರು ಮಂದಿ ಸತ್ತದ್ದು 1945ರ ಮೇ 18ರಂದು. ಯೂರೋಪಿನಲ್ಲಿ ಯುದ್ಧವು ಮುಗಿದು ಆಗಲೇ ಹತ್ತು ದಿನ ಕಳೆದಿದ್ದವು. ಇಂತಹ ಮರಣವನ್ನು ಕಾವ್ಯವು ಹೇಗೆ ಎದುರುಗೊಂಡಿತು ಎಂಬುದು ಸಹೃದಯರು ವಿಚಾರಿಸಬೇಕಾದ ವಿಷಯ.

ಈ ಪ್ರಸಂಗದಲ್ಲಿ ಎಲ್ಲರೂ ಮೊದಲು ಹೆಸರಿಸುವುದು ಜಾನ್ ಗಿಲೆಸ್ಪಿ ಮಗೀ ಎಂಬ ತರುಣನು ಬರೆದ 'ಹೈ ಫ್ಲೈಟ್' ಎಂಬ ಸುನೀತವನ್ನು. ವಿಮಾನಿಕರ ಶವಸಂಸ್ಕಾರಗಳಲ್ಲಿ ಅದನ್ನು ಓದುವ ವಾಡಿಕೆ ಬೆಳೆದುಬಂದಿದೆ. 1986ರ ಜನವರಿ 28ರಂದು ಚಾಲೆಂಜರ್ ಎಂಬ ಆಕಾಶನೌಕೆಯು ಸಿಡಿದು ಏಳು ಮಂದಿ ಮಡಿದಾಗ ಅಮೆರಿಕದ ಅಧ್ಯಕ್ಷ ರೇಗನ್ನರು ತಮ್ಮ ಭಾಷಣವನ್ನು ಮುಗಿಸಿದ್ದೂ ಅದರ ಮಾತುಗಳಿಂದಲೇ. ಹೀಗೆ ಶೋಕಗೀತೆಯ ಪದವಿಗೇರಿದ ಈ ಕವಿತೆಯಲ್ಲಿ ಶೋಕದ ಸೋಂಕೂ ಇಲ್ಲ, ಮರಣದ ನೆರಳೂ ಇಲ್ಲ. ವಿಚಿತ್ರವಾದರೂ ಇದು ನಿಜ.

ಕವಿಯು ಹುಟ್ಟಿದ್ದು 1922ರಲ್ಲಿ, ಚೀನಾದ ಷಾಂಘೈ ನಗರದಲ್ಲಿ. ತಂದೆ ಅಮೆರಿಕದ ಪಾದ್ರಿ, ತಾಯಿ ಇಂಗ್ಲೆಂಡಿನವಳು. ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಓದುತ್ತಿದ್ದಾಗ, 1939ರಲ್ಲಿ, ಅವನಿಗೆ ಕವಿತೆಗೆ ಬಹುಮಾನ ಬಂದಿತು. ಆ ಕವಿತೆಯ ವಸ್ತು ಅದೇ ಶಾಲೆಯ ಹಿಂದಿನ ವಿದ್ಯಾರ್ಥಿಯಾದ ರೂಪರ್ಟ್ ಬ್ರೂಕ್ ಕವಿಯ ಸಮಾಧಿ. ಮುಂದೆ ಕೆನಡಾದ ವಾಯುಪಡೆಯನ್ನು ಸೇರಿ, 1941ರಲ್ಲಿ ಮತ್ತೆ ಇಂಗ್ಲೆಂಡಿಗೆ ಬಂದನು. ಆ ವರ್ಷದ ಸೆಪ್ಟೆಂಬರಿನಲ್ಲಿ ತಂದೆತಾಯಿಗಳಿಗೆ ಬರೆದ ಕಾಗದದೊಡನೆ ಈ ಸುನೀತವನ್ನು ಕಳುಹಿಸಿ, ಇದು ಮೂವತ್ತು ಸಾವಿರ ಅಡಿಗಳ ಎತ್ತರದಲ್ಲಿ ಮೊದಲಾಗಿ ಕೆಳಗಿಳಿದ ಸ್ವಲ್ಪ ಹೊತ್ತಿಗೆ ಮುಗಿಯಿತೆಂದು ತಿಳಿಸಿದನು. ಡಿಸೆಂಬರ್ 11ರಂದು ಲಿಂಕನ್‌ಷೈರಿನಲ್ಲಿ ಅವನ ಸ್ಪಿಟ್‌ಫೈರ್ ವಿಮಾನವು ಮೋಡದ ಮರೆಯಲ್ಲಿ ಆಕ್ಸ್‌ಫರ್ಡ್ ಎಂಬ ಶಿಕ್ಷಣವಿಮಾನಕ್ಕೆ ಡಿಕ್ಕಿ ಹೊಡೆಯಿತು. ಎತ್ತರ ಸುಮಾರು 1,400 ಅಡಿ ಮಾತ್ರ. ಅವನು ವಿಮಾನದ ಗಾಜಿನ ಮುಚ್ಚಳವನ್ನು ಹೆಣಗಿ ಸರಿಸಿ ಎದ್ದುನಿಂತು ಹಾರಿಕೊಂಡದ್ದನ್ನು ಹೊಲದಲ್ಲಿದ್ದ ರೈತನೊಬ್ಬನು ಕಂಡು ಹೇಳಿದ್ದಾನೆ. ಪ್ಯಾರಾಷೂಟು ಬಿಚ್ಚಿಕೊಳ್ಳುವಷ್ಟು ಎಡೆ ಉಳಿದಿರಲಿಲ್ಲ. ಎರಡು ವಿಮಾನಗಳ ತರುಣರೂ ಸತ್ತರು. ಮಗೀಗೆ ಆಗ ಹತ್ತೊಂಬತ್ತು ವರ್ಷ.

ಮರುವರ್ಷ ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದ ಮುಖ್ಯಾಧಿಕಾರಿಯೂ ಸ್ವತಃ ಕವಿಯೂ ಆಗಿದ್ದ ಆರ್ಚಿಬಾಲ್ಡ್ ಮೆಕ್‌ಲೀಷ್ ಈ ಸುನೀತವನ್ನು ಪ್ರದರ್ಶನದಲ್ಲಿರಿಸಿದನು. ಅಲ್ಲಿಂದಾಚೆಗೆ ಅದರ ಕೀರ್ತಿ ಇಳಿಯಲೇ ಇಲ್ಲ.

ಕೀರ್ತಿಯೊಡನೆ ಆಕ್ಷೇಪವೂ ಬಂದಿತು. 1938ರಲ್ಲಿ ಅಚ್ಚಾದ 'ಇಕಾರಸ್' ಎಂಬ ಹಾರಾಟದ ಕವಿತೆಗಳ ಸಂಕಲನದಿಂದ ಮಗೀ ಕೆಲವು ಮಾತುಗಳನ್ನು ಎತ್ತಿಕೊಂಡಿದ್ದಾನೆ, ಎಲ್ಲರೂ ಕೊಂಡಾಡುವ ಕೊನೆಯ ಪಂಕ್ತಿಯ ಮಾತೂ ಅಲ್ಲಿಯದೇ, ಎಂಬುದು ಆ ಆಕ್ಷೇಪ. ಮಾತು ಸುಳ್ಳಲ್ಲ. ಆದರೆ ಕಾವ್ಯಗಳೊಳಗಣ ಹೋಲಿಕೆಯನ್ನು ಆನಂದವರ್ಧನನು ಪ್ರತಿಬಿಂಬ, ಆಲೇಖ್ಯ, ದೇಹಿ ಎಂದು ಮೂರಾಗಿ ವಿಂಗಡಿಸಿ, ಕನ್ನಡಿಯ ನೆರಳಿನಂತೆಯೂ ಚಿತ್ರದ ಪ್ರತಿಯಂತೆಯೂ ಇರುವುದನ್ನು ಬಿಡಬೇಕೆಂದೂ, ಒಬ್ಬ ಮನುಷ್ಯನನ್ನು ಇನ್ನೊಬ್ಬ ಮನುಷ್ಯನು ಹೋಲುವಂತೆ ತನ್ನದೇ ಜೀವವುಳ್ಳ ಹೋಲಿಕೆಯು ದೋಷವಲ್ಲವೆಂದೂ ತೀರ್ಪಿತ್ತಿದ್ದಾನೆ. ಮಗೀಯ ಸುನೀತವು ಮೂರನೆಯ ವರ್ಗದ್ದು. ಬಿಡಿ ಪದಗಳು ಎರವಲಾದರೂ ಹದಿನಾಲ್ಕು ಪಂಕ್ತಿಗಳನ್ನು ಒಂದೇ ಉಸಿರಿನಲ್ಲಿ ಮೇಲಕ್ಕೊಯ್ಯುವ ವೇಗ ಅವನದೇ. ಹತ್ತೊಂಬತ್ತರ ಹುಡುಗನನ್ನು ಚೋರಕವಿಯೆಂದು ಕರೆಯುವವರು ತಮ್ಮ ಹತ್ತೊಂಬತ್ತನೆಯ ವಯಸ್ಸಿನ ಪದ್ಯಗಳನ್ನೊಮ್ಮೆ ತೆಗೆದು ನೋಡಿಕೊಳ್ಳುವುದು ಒಳ್ಳೆಯದು.

ನಿಜವಾದ ಪ್ರಶ್ನೆ ರಸವನ್ನು ಕುರಿತದ್ದು. ವೀರರಸಕ್ಕೆ ಗೆಲ್ಲತಕ್ಕ ಎದುರಾಳಿಯು ಆಲಂಬನವಿಭಾವ. ಈ ಕವಿತೆಯಲ್ಲಿ ಎದುರಾಳಿಯೇ ಇಲ್ಲ. ಯುದ್ಧದ ಹೆಸರೂ ಇಲ್ಲ. ಮೋಡಗಳ ನಡುವೆ ಹೊರಳುವ, ಗಾಳಿಯನ್ನು ಬೆನ್ನಟ್ಟುವ, ಬಿಸಿಲಿನಲ್ಲಿ ನಗುವ ಆಟವಷ್ಟೇ ಇದೆ. ವಿಸ್ಮಯವೇ ಸ್ಥಾಯಿಯಾದ ಅದ್ಭುತರಸದ ಕವಿತೆಯಿದು. ಆ ರಸದ ಮಟ್ಟಿಗೆ ಪರಿಪೂರ್ಣವೂ ಹೌದು. ಇದನ್ನು ವೀರಗೀತೆಯೆಂದು ಹಾಡುವುದೂ, ಕರುಣಗೀತೆಯೆಂದು ಗೋರಿಯ ಮುಂದೆ ಓದುವುದೂ ಓದುಗರು ಮಾಡಿದ ಅನೌಚಿತ್ಯ, ಕವಿಯದಲ್ಲ.

ಆದರೂ ಕವಿಯದೇ ಆದ ಒಂದು ಕೊರತೆಯುಂಟು. ಕೆಳಗಿಳಿದ ಬಳಿಕ, ನೆಲದ ಮೇಲೆ ಕುಳಿತು ಮುಗಿಸಿದ ಕವಿತೆಯಲ್ಲಿ ನೆಲವೇ ಇಲ್ಲ. ಮೊದಲ ಮಾತಿನಲ್ಲಿಯೇ ಭೂಮಿಯನ್ನು ಕಳಚಿ ಬಿಸುಟ ಕವಿಯು ಕೊನೆಯವರೆಗೂ ಅದರ ಕಡೆಗೆ ತಿರುಗಿ ನೋಡುವುದಿಲ್ಲ. ಕಾಳಿದಾಸನು ವಿಮಾನವನ್ನು ಕಂಡವನಲ್ಲ. ಆದರೆ ಶಾಕುಂತಲದ ಏಳನೆಯ ಅಂಕದಲ್ಲಿ ದುಷ್ಯಂತನನ್ನು ಇಂದ್ರನ ರಥದಲ್ಲಿ ಕುಳ್ಳಿರಿಸಿ ಅವನು ವರ್ಣಿಸುವುದು ಏರುವುದನ್ನಲ್ಲ, ಇಳಿಯುವುದನ್ನು. ಬೆಟ್ಟ, ಮರ, ನದಿಗಳು ಒಂದೊಂದಾಗಿ ಕಣ್ಣಿಗೆ ಸ್ಪಷ್ಟವಾಗುತ್ತ ಭೂಮಿಯೇ ಎದ್ದು ಬರುವಂತೆ ತೋರುತ್ತದೆ. ಇಳಿದಲ್ಲಿ ದೊರೆಗೆ ಮಗನೂ ಮಡದಿಯೂ ದೊರೆಯುತ್ತಾರೆ. ರಘುವಂಶದ ಹದಿಮೂರನೆಯ ಸರ್ಗದಲ್ಲಿ ಪುಷ್ಪಕದಿಂದ ರಾಮನು ಸೀತೆಗೆ ತೋರಿಸುವ ಒಂದೊಂದು ತಾಣಕ್ಕೂ ಹಳೆಯ ಅಳುವಿನ ನೆನಪು ಅಂಟಿಕೊಂಡಿದೆ. ಇನ್ನು ಬಿದ್ದವರ ಮಾತೆಂದರೆ, ಗ್ರೀಕರ ಇಕಾರಸನಿಗೆ ಸಾಟಿಯಾಗಿ ನಮ್ಮಲ್ಲಿ ಸಂಪಾತಿಯುಂಟು. ತಮ್ಮನಾದ ಜಟಾಯುವನ್ನು ಸೂರ್ಯನ ಉರಿಯಿಂದ ಕಾಪಾಡಲು ರೆಕ್ಕೆಗಳನ್ನು ಒಡ್ಡಿ, ಅವು ಸುಟ್ಟು, ವಿಂಧ್ಯದ ಮೇಲೆ ಬಿದ್ದವನು. ತನ್ನ ಪತನದ ಕಥೆಯನ್ನು ತಾನೇ ಹೇಳುವಷ್ಟು ಕಾಲ ಅವನು ಬದುಕಿದ್ದನು. ಮಗೀಗೆ ಅಷ್ಟು ಆಯುಸ್ಸು ಸಿಕ್ಕಿದ್ದರೆ ಎರಡನೆಯ ಸುನೀತವೊಂದು ಹುಟ್ಟುತ್ತಿತ್ತೇನೋ.

ಲಿಂಕನ್‌ಷೈರಿನ ಸ್ಕಾಪ್‌ವಿಕ್ ಊರಿನ ರುದ್ರಭೂಮಿಯಲ್ಲಿ ಅವನ ಗೋರಿಯಿದೆ. ಸುನೀತದ ಮೊದಲ ಮತ್ತು ಕೊನೆಯ ಪಂಕ್ತಿಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಮಾತು ಅದೇ, ಆದರೆ ಅರ್ಥ ಅದೇ ಅಲ್ಲ. ಭೂಮಿಯ ಬಂಧನವನ್ನು ಕಳಚಿಕೊಂಡೆನೆಂಬ ನುಡಿಯು ಮಣ್ಣಿನಲ್ಲಿ ಮಲಗಿದವನ ತಲೆಯ ಬಳಿ ನಿಂತಾಗ, ಪುಟದ ಮೇಲೆ ಇಲ್ಲದ ಕರುಣೆಯೊಂದು ಒಸರುತ್ತದೆ. ಹೇಳುವವನ, ಕೇಳುವವನ, ದೇಶದ, ಕಾಲದ ವೈಶಿಷ್ಟ್ಯದಿಂದ ಅರ್ಥಾಂತರವು ವ್ಯಂಗ್ಯವಾಗುವುದೆಂದು ಮಮ್ಮಟನು ಹೇಳಿರುವುದಕ್ಕೆ ಇದಕ್ಕಿಂತ ನಿಚ್ಚಳವಾದ ಉದಾಹರಣೆ ಬೇಕಿಲ್ಲ. ಈ ಧ್ವನಿಯನ್ನು ಕೊಟ್ಟದ್ದು ದೇಶ, ಕವಿಯಲ್ಲ.

ಧ್ವನಿಯನ್ನು ಕವಿಯೇ ಕೊಟ್ಟ ಕವಿತೆಯನ್ನು ಬಯಸುವವರು ಜಾನ್ ಪಡ್ನಿಯ 'ಫಾರ್ ಜಾನಿ'ಯನ್ನು ಓದಬೇಕು. ವಾಯುಪಡೆಯ ಅಧಿಕಾರಿಯಾಗಿದ್ದ ಪಡ್ನಿಯು 1941ರಲ್ಲಿ, ಲಂಡನಿನ ಮೇಲೆ ಬಾಂಬುಗಳು ಬೀಳುತ್ತಿದ್ದ ಒಂದು ರಾತ್ರಿ, ಲಕೋಟೆಯ ಹಿಂಬದಿಯಲ್ಲಿ ಗೀಚಿದ ಹನ್ನೆರಡು ಗಿಡ್ಡ ಪಂಕ್ತಿಗಳಿವು. ಪದ್ಯದ ಧಾಟಿ ಶಿಶುಗೀತೆಯದು. ವಿಮಾನ, ಯುದ್ಧ, ಸಾವು ಎಂಬ ಮಾತುಗಳೊಂದೂ ಇಲ್ಲ. ಗುಟ್ಟೆಲ್ಲ ಜಾನಿಗೆ ಇಟ್ಟ ಅಡ್ಡಹೆಸರಿನಲ್ಲಿದೆ: ತಲೆಯನ್ನು ಗಾಳಿಯಲ್ಲಿಟ್ಟ ಜಾನಿ. ಇಂಗ್ಲಿಷ್ ಮಕ್ಕಳಿಗೆಲ್ಲ ಪರಿಚಿತವಾದ ಹೆಸರಿದು. ಜರ್ಮನ್ ವೈದ್ಯ ಹೈನ್ರಿಖ್ ಹಾಫ್‌ಮನ್ ಮಕ್ಕಳಿಗಾಗಿ ಬರೆದ ಪದ್ಯಕಥೆಯೊಂದರಲ್ಲಿ ಆಕಾಶವನ್ನೇ ನೋಡುತ್ತ ನಡೆದು ಹೊಳೆಗೆ ಬೀಳುವ ಹುಡುಗನ ಹೆಸರು. ಆ ಒಂದು ಪದದಲ್ಲಿ ಎಳೆತನ, ಆಕಾಶದ ಹುಚ್ಚು, ಪತನ ಮೂರೂ ಅಡಗಿವೆ. ಕಥೆಯ ಹುಡುಗನನ್ನಾದರೋ ದಾರಿಹೋಕರು ನೀರಿನಿಂದ ಎಳೆದು ಬದುಕಿಸುತ್ತಾರೆ. ಈ ಜಾನಿಯನ್ನು ಬದುಕಿಸುವವರಿಲ್ಲ. ಹೇಳದೆ ಬಿಟ್ಟ ಈ ಭೇದವೇ ಎದೆಯನ್ನು ಕಲಕುವಂಥದು. ಶತ್ರುದೇಶದ ತೊಟ್ಟಿಲಕಥೆಯಿಂದಲೇ ಶೋಕಗೀತೆಯ ಬೀಜ ಬಂದಿತೆಂಬುದನ್ನು ಕವಿಯು ಎಣಿಸಿದ್ದನೋ ಇಲ್ಲವೋ, ಓದುಗನಿಗೆ ಅದೂ ಹೊಳೆಯದಿರದು.

ಎರಡನೆಯ ಗುಣ ಸಂಬೋಧನೆಯದು. ಮಗೀಯ ಕವಿತೆ ತನ್ನೊಡನೆ ತಾನಾಡಿದ್ದು. ಪಡ್ನಿಯದು ಉಳಿದವರಿಗೆ, ಬಹುಶಃ ಮನೆಯಲ್ಲಿರುವ ಹೆಣ್ಣಿಗೆ, ಹೇಳಿದ್ದು. ಅಳಬೇಡ ಎನ್ನುವುದಿಲ್ಲ, ಅಳುವನ್ನು ಮುಂದಿನ ವರ್ಷಗಳಿಗೆ ಇಟ್ಟುಕೋ ಎನ್ನುತ್ತದೆ. ಕೊನೆಗೆ ಅವನ ಮಕ್ಕಳ ಊಟದ ಚಿಂತೆಗೆ ಇಳಿಯುತ್ತದೆ. ಆಕಾಶದಲ್ಲಿ ಮೊದಲಾದ ಕವಿತೆಯು ಅಡಿಗೆಮನೆಯಲ್ಲಿ ಮುಗಿಯುತ್ತದೆ, ಇಳಿಯುವುದೆಂದರೆ ಇದು. 1945ರ 'ದ ವೇ ಟು ದ ಸ್ಟಾರ್ಸ್' ಎಂಬ ಚಲನಚಿತ್ರದಲ್ಲಿ, ವಿಮಾನಿಕನೊಬ್ಬನು ಬರೆದಿಟ್ಟು ಹೋದ ಕವಿತೆಯೆಂದು ಇದನ್ನು ಅವನ ವಿಧವೆಗೆ ಓದಿ ಹೇಳಿಸಿದ ನಿರ್ದೇಶಕ ಆಸ್ಕ್ವಿತ್ ಸಹೃದಯನೇ ಸರಿ.

ಇಷ್ಟಾದರೂ ಪಡ್ನಿಯ ಸಾಂತ್ವನಕ್ಕೂ ಎಟುಕದ ಒಂದು ದುಃಖವುಂಟು. ಬಿದ್ದವರನ್ನು ಕುರಿತು ಕವಿಗಳು ಹಾಡಿದರು. ಯಾರ ಮೇಲೆ ಬಿದ್ದರೋ ಅವರು? 1938ರಲ್ಲಿ ಆಡನ್ ಕವಿಯು ಬ್ರೂಗೆಲನ ಚಿತ್ರವನ್ನು ನೋಡಿ, ಇಕಾರಸನು ಕಡಲಿಗೆ ಬಿದ್ದರೂ ಉಳುವವನು ತಲೆಯೆತ್ತದೆ ತನ್ನ ಪಾಡಿಗೆ ಉಳುತ್ತಿದ್ದನೆಂಬ ಭಾವವನ್ನು ಬೆಳೆಸಿದ್ದನು. ಚಿತ್ರಕ್ಕೆ ಅದು ಒಪ್ಪುವ ಮಾತು. ಯುದ್ಧಕಾಲದ ಇಂಗ್ಲೆಂಡಿನ ಹಳ್ಳಿಗಳಿಗೆ ಒಪ್ಪದು. ಮಗೀ ಬಿದ್ದುದನ್ನು ಕಣ್ಣಿಟ್ಟು ನೋಡಿದವನು ರೈತನೇ. ತಲೆಯೆತ್ತಲು ಸಮಯವೇ ಸಿಗದವರೂ ಇದ್ದರು. ಲ್ಯಾಂಕಷೈರಿನ ಫ್ರೆಕಲ್ಟನ್ ಹಳ್ಳಿಯಲ್ಲಿ 1944ರ ಆಗಸ್ಟ್ 23ರಂದು, ಬಿರುಗಾಳಿ ಮಳೆಯ ಹೊತ್ತಿನಲ್ಲಿ, ಪರೀಕ್ಷೆಗೆಂದು ಮೇಲೇರಿದ್ದ ಅಮೆರಿಕದ ಲಿಬರೇಟರ್ ವಿಮಾನವೊಂದು ಶಾಲೆಯ ಮೇಲೆ ಬಿದ್ದು ಉರಿಯಿತು. ಸತ್ತವರು 61 ಮಂದಿ. ಅವರಲ್ಲಿ 38 ಮಕ್ಕಳು, ಹೆಚ್ಚಿನವರು ಶಿಶುವರ್ಗದವರು. ಅಳುವನ್ನು ಮುಂದಕ್ಕಿಟ್ಟು ಮಕ್ಕಳಿಗೆ ಉಣಿಸೆಂಬ ಪಡ್ನಿಯ ಮಾತನ್ನು ಆ ಊರಿನ ತಾಯಂದಿರಿಗೆ ಯಾವ ಬಾಯಿಂದ ಹೇಳುವುದು? ಇಲ್ಲಿ ಶಿಶುಗೀತೆಯ ಧಾಟಿಯೇ ಕ್ರೂರವಾಗುತ್ತದೆ. ಎರಡು ಕವಿತೆಗಳಲ್ಲಿಯೂ ಹಾರಿದವನೇ ನಾಯಕ. ಅವನು ನಿರಪರಾಧಿಯಾಗಿದ್ದರೂ ಅವನ ಪತನವು ಇತರರಿಗೆ ಮೃತ್ಯುವಾಗಬಹುದೆಂಬುದಕ್ಕೆ ಆ ಪಂಕ್ತಿಗಳಲ್ಲಿ ಎಡೆಯಿಲ್ಲ. ಪುತ್ರಶೋಕವನ್ನು ಹಾಡಬಲ್ಲ ವಾಣಿ ಬೇರೆ. ಕುರುಕ್ಷೇತ್ರದಲ್ಲಿ ಗಾಂಧಾರಿಯ ಬಾಯಿಂದ ವ್ಯಾಸನು ನುಡಿಸಿದ ವಾಣಿ ಅದು. ಅಲ್ಲಿ ಸಾಂತ್ವನವಿಲ್ಲ, ಒಂದೊಂದು ದೇಹದ ಬಳಿಯೂ ನಿಂತು ಹೆಸರು ಹೇಳಿ ಅಳುವುದಿದೆ.

ಫ್ರೆಕಲ್ಟನ್ನಿನಲ್ಲಿ ಮರುವರ್ಷ, 1945ರಲ್ಲಿ, ಅಮೆರಿಕದ ಸೈನಿಕರು ಉಳಿದ ಮಕ್ಕಳಿಗಾಗಿ ಆಟದ ಬಯಲೊಂದನ್ನು ತಮ್ಮ ಕೈಯಾರೆ ಕಟ್ಟಿಕೊಟ್ಟರು.