ತುಪ್ಪದ ಹನಿಗೆ ಜೋತುಬಿದ್ದ ಪ್ಲೇಗು

ಪ್ಲೇಗಿನ ಬ್ಯಾಕ್ಟೀರಿಯಾ ಗುರುತಿಸುವ ಹಳೆಯ ದಾರಿಗಳಲ್ಲಿ ನನಗೆ ತುಂಬ ಇಷ್ಟವಾದದ್ದು ತುಪ್ಪದ ದಾರಿ. 1896ರ ಅಕ್ಟೋಬರಿನಲ್ಲಿ ಮುಂಬಯಿಗೆ ಬಂದ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಲಸಿಕೆಗಾಗಿ ಈ ಜೀವಿಯನ್ನು ರಾಶಿಗಟ್ಟಲೆ ಬೆಳೆಸಬೇಕಿತ್ತು. ಗ್ರ್ಯಾಂಟ್ ಮೆಡಿಕಲ್ ಕಾಲೇಜಿನ ಕೋಣೆಯಲ್ಲಿ ಫ್ಲಾಸ್ಕುಗಳಿಗೆ ಮಾಂಸದ ಸಾರು ತುಂಬಿ, ಮೇಲೆ ಒಂದಿಷ್ಟು ತುಪ್ಪ ತೇಲಿಬಿಟ್ಟರು. ತುಪ್ಪದ ಹನಿಗೆ ಕೆಳಗಿನಿಂದ ಅಂಟಿಕೊಂಡ ಬ್ಯಾಕ್ಟೀರಿಯಾ ಆಲದ ಬಿಳಲಿನ ಹಾಗೆ ಸಾರಿನೊಳಗೆ ಇಳಿಯುತ್ತಿತ್ತು. ಮೇಜು ಕೊಂಚ ಅಲುಗಿದರೂ ಸಾಕು, ಅಷ್ಟೂ ಕಳಚಿ ತಳ ಸೇರುತ್ತಿತ್ತು. ಮುಟ್ಟದೆ ಬಿಟ್ಟರೆ ಅದೇ ಹನಿಯಿಂದ ಮತ್ತೆ ಹೊಸದು. ಈ ಜೋತುಬೀಳುವ ಬೆಳೆಯನ್ನೇ ಹಾಫ್‌ಕಿನ್ ಪ್ಲೇಗಿನ ಗುರುತಾಗಿ ಹಿಡಿದರು. ಲಸಿಕೆಯನ್ನು 1897ರ ಜನವರಿ 10ರಂದು ಮೊದಲು ಚುಚ್ಚಿಕೊಂಡವರೂ ಅವರೇ.

ಅದೇ ವರ್ಷ ನಮ್ಮ ಪುಣೆಯಲ್ಲಿ ಗುರುತು ಹಿಡಿಯುವ ಕೆಲಸ ಬೇರೆಯೇ ರೀತಿ ನಡೆಯಿತು. ರ‍್ಯಾಂಡ್ ಸಾಹೇಬನೆಂಬ ಪ್ಲೇಗು ಅಧಿಕಾರಿಯ ಶೋಧ ತಂಡಗಳು ಮನೆಮನೆಗೆ ನುಗ್ಗಿ, ಜನರ ಕಂಕುಳು, ತೊಡೆಸಂದುಗಳಲ್ಲಿ ಗಡ್ಡೆ ತಡಕಿದವು. ತೊಡೆಸಂದಿನ ಗಡ್ಡೆ ಗುಹ್ಯರೋಗಕ್ಕೂ ಬರುತ್ತದೆ, ಕಾಲಿನ ಕೀವುಗಾಯಕ್ಕೂ ಬರುತ್ತದೆ. ಬೆರಳಿಗೆ ಆ ವ್ಯತ್ಯಾಸ ತಿಳಿಯದು, ಅದಕ್ಕೆ ಲ್ಯಾಬು ಬೇಕು. ದೇಶದ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿ ಹುಟ್ಟಿದ್ದು ಇದೇ ಊರಿನಲ್ಲಿ, 1889ರಲ್ಲಿ. ದನಕರುಗಳ ರೋಗಕ್ಕೆಂದು ಕಟ್ಟಿದ ಅದು 1893ರಲ್ಲೇ ಮುಕ್ತೇಶ್ವರದ ಬೆಟ್ಟಕ್ಕೆ ಹೋಗಿಬಿಟ್ಟಿತ್ತು. ರೋಗಿಗಳ ಆರೈಕೆಗೆ ನಿಂತ ಸಾವಿತ್ರಿಬಾಯಿ ಫುಲೆ 1897ರ ಮಾರ್ಚ್ 10ರಂದು ಪ್ಲೇಗಿಗೇ ತೀರಿಕೊಂಡರು.

ಇಂದು ತುಪ್ಪ ಬೇಕಿಲ್ಲ, ತಾಳ್ಮೆ ಬೇಕು. ಗಡ್ಡೆಯಿಂದ ತೆಗೆದ ರಸಕ್ಕೆ ವೇಸನ್ ಬಣ್ಣ ಹಾಕಿದರೆ ಪುಟ್ಟ ಕೋಲಿನಂಥ ಬ್ಯಾಕ್ಟೀರಿಯಾದ ಎರಡೂ ತುದಿ ಕಡುವಾಗಿ, ನಡು ಬಿಳಿಚಿಕೊಂಡು ಕಾಣುತ್ತದೆ. ಇಷ್ಟಕ್ಕೇ ಪ್ಲೇಗೆಂದು ಬರೆಯಬಾರದು, ಇದೇ ರೂಪದ ಬೇರೆ ಬ್ಯಾಕ್ಟೀರಿಯಾಗಳೂ ಇವೆ. ರಕ್ತದ ಅಗರ್ ತಟ್ಟೆಯಲ್ಲಿ 24 ತಾಸಿಗೆ ಸೂಜಿಮೊನೆಯಷ್ಟು ಚುಕ್ಕೆ. ಅವಸರದ ಲ್ಯಾಬು ತಟ್ಟೆ ಎಸೆಯುವುದು ಇಲ್ಲೇ. 37 ಡಿಗ್ರಿಗಿಂತ 28 ಡಿಗ್ರಿ ಪ್ಲೇಗಿನ ಜೀವಿಗೆ ಹಿತ, 48 ತಾಸಿಗೆ ಕಾಲೊನಿ ಸ್ಪಷ್ಟವಾಗುತ್ತದೆ. ಅದರ ಹತ್ತಿರದ ಬಂಧು ಯೆರ್ಸಿನಿಯಾ ಸ್ಯೂಡೋಟ್ಯೂಬರ್‌ಕ್ಯುಲೋಸಿಸ್ 25 ಡಿಗ್ರಿಯಲ್ಲಿ ಈಜಾಡುತ್ತದೆ, ಪ್ಲೇಗಿನದು ಯಾವ ಶಾಖದಲ್ಲೂ ಈಜದು. ಈ ಭೇದ ನನಗೆ ಬ್ಯಾಕ್ಟೀರಿಯಾ ಗುರುತಿಸುವ ಯಾವ ಯಂತ್ರದ ಚೀಟಿಗಿಂತಲೂ ಹೆಚ್ಚು. ಯಂತ್ರಗಳು ಈ ಇಬ್ಬರನ್ನು ಅದಲುಬದಲು ಮಾಡುವುದುಂಟು.

ಆದರೆ ಈ ಈಜಿನ ಪರೀಕ್ಷೆ ಸಾಮಾನ್ಯ ಲ್ಯಾಬಿನ ಮೇಜಿನ ಮೇಲೆ ಮಾಡುವಂಥದ್ದಲ್ಲ. ಗ್ರಾಂ ನೆಗೆಟಿವ್, ಆಕ್ಸಿಡೇಸ್ ನೆಗೆಟಿವ್, ನಿಧಾನಕ್ಕೆ ಬೆಳೆಯುವ ಚುಕ್ಕೆ, ಜೊತೆಗೆ ಜ್ವರ, ಗಡ್ಡೆಯ ರೋಗಿ: ಇಷ್ಟು ಕೂಡಿಬಂದರೆ ತಟ್ಟೆಗೆ ಟೇಪು ಸುತ್ತಿ, ವೈದ್ಯರಿಗೆ ಆಗಲೇ ಫೋನು ಮಾಡಿ, ಮಾದರಿಯನ್ನು ದೊಡ್ಡ ಲ್ಯಾಬಿಗೆ ಕಳಿಸಬೇಕು. ಔಷಧ ವರದಿಗೆ ಕಾಯಬಾರದು.