ಸೂರ್ಯನ ಹೆಸರು, ನೀರಿನ ಕೆಲಸ

ಅಮೆರಿಕದ ಫ್ಲಾರಿಡಾದಲ್ಲಿ ಬಾಬ್‌ಕಾಕ್ ರಾಂಚ್ ಅಂತ ಒಂದು ಊರಿದೆ. ಊರು ಅನ್ನೋದಕ್ಕಿಂತ ದೊಡ್ಡ ಲೇಔಟು ಅನ್ನಿ, ನಮಗೆ ಬೇಗ ಅರ್ಥವಾಗುತ್ತೆ. ಒಬ್ಬ ಡೆವಲಪರ್ ಜಮೀನು ಕೊಂಡು, ನಕ್ಷೆ ಬರೆಸಿ, ರಸ್ತೆ, ಕೆರೆ, ಶಾಲೆ, ಅಂಗಡಿಬೀದಿ ಎಲ್ಲವನ್ನೂ ಮೊದಲೇ ಗೆರೆ ಎಳೆದು ಕಟ್ಟಿಸಿದ ಊರು. 'ಅಮೆರಿಕದ ಮೊದಲ ಸೌರಶಕ್ತಿ ಪಟ್ಟಣ' ಅನ್ನೋದು ಅದು ತನಗೆ ತಾನೇ ಕೊಟ್ಟುಕೊಂಡ ಬಿರುದು. 2022ರ ಸೆಪ್ಟೆಂಬರ್ 28ರಂದು ಇಯಾನ್ ಚಂಡಮಾರುತ ಆ ಸೀಮೆಗೆ ಅಪ್ಪಳಿಸಿದಾಗ ಫ್ಲಾರಿಡಾದಲ್ಲಿ 20 ಲಕ್ಷಕ್ಕೂ ಹೆಚ್ಚು ಗ್ರಾಹಕರ ಕರೆಂಟು ಹೋಯ್ತು. ಈ ಊರಲ್ಲಿ ಹೋಗಲಿಲ್ಲ. ಅಲ್ಲಿಂದ ಶುರುವಾಯ್ತು ನೋಡಿ ಕಥೆ: ಸೋಲಾರ್ ಊರು ಚಂಡಮಾರುತವನ್ನು ಗೆದ್ದಿತು!

ಬಾಬ್‌ಕಾಕ್ ರಾಂಚ್ ಮೆಚ್ಚಬೇಕಾದ ಊರೇ. ಆದರೆ ನಾವು ಅದನ್ನು ಮೆಚ್ಚುತ್ತಿರುವ ಕಾರಣ ಸರಿಯಿಲ್ಲ ಅನ್ನೋದು ನನ್ನ ತಕರಾರು. ತಪ್ಪು ಕಾರಣಕ್ಕೆ ಮೆಚ್ಚಿದರೆ ಏನು ನಷ್ಟ ಅಂತೀರಾ? ನಷ್ಟ ಇದೆ. ಒಳ್ಳೆಯದನ್ನು ನೋಡಿ ನಕಲು ಮಾಡಲು ಹೊರಟವರು ಅದರಲ್ಲಿ ಕೆಲಸಕ್ಕೆ ಬಂದ ಭಾಗವನ್ನು ಬಿಟ್ಟು, ಹೊಳೆಯುವ ಭಾಗವನ್ನಷ್ಟೇ ನಕಲು ಮಾಡ್ತಾರೆ. 20 ವರ್ಷದ ಹೋಮ್ ಲೋನಿಗೆ ಸಹಿ ಹಾಕಲು ಹೊರಟ ನಮ್ಮಂಥವರಿಗೆ ಇದು ಬರೀ ಅಮೆರಿಕದ ಸುದ್ದಿಯಲ್ಲ.

ಮೊದಲು ಊರಿನ ಜಾತಕ ನೋಡೋಣ. ಸಿಡ್ ಕಿಟ್ಸನ್ ಅಂತ ಒಬ್ಬರು. ಒಂದು ಕಾಲಕ್ಕೆ ಗ್ರೀನ್ ಬೇ ಪ್ಯಾಕರ್ಸ್ ತಂಡದಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಿದವರು, ಆಮೇಲೆ ರಿಯಲ್ ಎಸ್ಟೇಟಿಗೆ ಇಳಿದರು. 2006ರಲ್ಲಿ ಅವರ ಕಂಪನಿ ಸುಮಾರು 91,000 ಎಕರೆಯ ಒಂದು ಹಳೇ ದನಗಾವಲನ್ನು ಕೊಂಡಿತು. ಅದರಲ್ಲಿ ಸುಮಾರು 73,000 ಎಕರೆಯನ್ನು ಕಾಡಾಗಿಯೇ ಉಳಿಯಲಿ ಅಂತ ಸರ್ಕಾರಕ್ಕೆ ಮಾರಿ, ಮಿಕ್ಕ 18,000 ಎಕರೆಯನ್ನು ಊರಿಗೆ ಇಟ್ಟುಕೊಂಡಿತು. ಮೊದಲ ಕುಟುಂಬಗಳು ಬಂದು ನೆಲೆಸಿದ್ದು 2018ರಲ್ಲಿ. ಒಟ್ಟು 19,500 ಮನೆ, 50,000 ಜನ ಅನ್ನೋದು ಯೋಜನೆ.

ಮಾರಾಟದ ಮಾತೆಲ್ಲ ತಂತ್ರಜ್ಞಾನದ್ದೇ. ಮನೆಮನೆಗೂ ಗಿಗಾಬಿಟ್ ಫೈಬರ್. ಎಲೆಕ್ಟ್ರಿಕ್ ಕಾರಿಗೆ ಚಾರ್ಜಿಂಗ್ ಪಾಯಿಂಟು. ಡ್ರೈವರ್ ಇಲ್ಲದೆ ತಾನೇ ಓಡುವ ಬಸ್ಸು! ಈ ಬಸ್ಸಿನ ಕಥೆ ಸ್ವಾರಸ್ಯವಾಗಿದೆ. ಶಾಲೆಯ ಮಕ್ಕಳನ್ನು ಕರೆದೊಯ್ಯಲು ಪ್ರಯೋಗ ಶುರುವಾಯ್ತು. 2018ರ ಅಕ್ಟೋಬರಿನಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ, ಮಕ್ಕಳನ್ನು ಇದರಲ್ಲಿ ಕೂರಿಸೋದು ಅಪಾಯ, ಅನುಮತಿಯೂ ಇಲ್ಲ, ನಿಲ್ಲಿಸಿ ಅಂತು. ನಿಂತಿತು. ಊರಿಗೆ ಇದರಿಂದ ಏನಾಯ್ತು? ಏನೂ ಆಗಲಿಲ್ಲ. ಜಾಹೀರಾತಿನ ಸಾಲಿನಲ್ಲಿ ಮುಂದೆ ನಿಂತಿದ್ದ ವಸ್ತುವೊಂದು ಹೋದರೂ ಊರು ತನ್ನ ಪಾಡಿಗೆ ಬೆಳೆಯುತ್ತಲೇ ಇತ್ತು.

ಇನ್ನು ಸೋಲಾರ್. ಊರಿನ ಪಕ್ಕದಲ್ಲಿ ಎರಡು ದೊಡ್ಡ ಸೌರ ಸ್ಥಾವರಗಳಿವೆ. ಎರಡೂ ಸೇರಿ ಸುಮಾರು 150 ಮೆಗಾವ್ಯಾಟ್ ಸಾಮರ್ಥ್ಯ, ಸುಮಾರು 870 ಎಕರೆ ಜಾಗ. ಜೊತೆಗೆ 10 ಮೆಗಾವ್ಯಾಟಿನ ಬ್ಯಾಟರಿ. ಇವುಗಳ ಯಜಮಾನ ಊರಿನ ಜನ ಅಲ್ಲ. ಫ್ಲಾರಿಡಾ ಪವರ್ ಅಂಡ್ ಲೈಟ್ ಅನ್ನೋ ವಿದ್ಯುತ್ ಕಂಪನಿ. ಪ್ಯಾನೆಲ್ಲಿನಿಂದ ನೇರವಾಗಿ ಅಡುಗೆಮನೆಗೆ ತಂತಿ ಎಳೆದಿಲ್ಲ. ಕರೆಂಟು ಗ್ರಿಡ್ಡಿಗೆ ಹೋಗುತ್ತೆ, ಮನೆಗಳು ಗ್ರಿಡ್ಡಿನಿಂದ ತಗೊಳ್ತವೆ. ಹಗಲು ಊರಿಗೆ ಬೇಕಾದ್ದಕ್ಕಿಂತ ಹೆಚ್ಚು ಹುಟ್ಟುತ್ತೆ, ಮಿಕ್ಕಿದ್ದು ಅಕ್ಕಪಕ್ಕದವರಿಗೆ ಹೋಗುತ್ತೆ. ರಾತ್ರಿ ಊರಿಗೆ ಬರೋದು ಉಳಿದ ಫ್ಲಾರಿಡಾಕ್ಕೆ ಬರುವಂಥದ್ದೇ ಕರೆಂಟು, ಅದರಲ್ಲಿ ಬಹುಪಾಲು ನೈಸರ್ಗಿಕ ಅನಿಲ ಸುಟ್ಟು ಮಾಡಿದ್ದು. ವರ್ಷದ ಲೆಕ್ಕದಲ್ಲಿ ಕೂಡಿ ಕಳೆದರೆ ಸೂರ್ಯನದೇ ಮೇಲುಗೈ, ಒಪ್ಪೋಣ. ಆದರೆ 'ಸೂರ್ಯನಿಂದಲೇ ನಡೆಯುವ ಊರು' ಅನ್ನೋದು ಲೆಕ್ಕಪುಸ್ತಕದ ಸತ್ಯ, ರಾತ್ರಿ ಎಂಟು ಗಂಟೆಯ ಸತ್ಯ ಅಲ್ಲ.

ಹಾಗಾದರೆ ಇಯಾನ್ ಬಂದ ದಿನ ಏನಾಯ್ತು? ಚಂಡಮಾರುತ ಬಂದಾಗ ಆಕಾಶ ಕಪ್ಪು. ದಟ್ಟ ಮೋಡದ ಕೆಳಗೆ ಪ್ಯಾನೆಲ್ಲಿನ ಉತ್ಪಾದನೆ ನಾಮ್‌ಕೇವಾಸ್ತೆ. ಅವತ್ತಿನ ರಾತ್ರಿ ದೀಪ ಉರಿದಿದ್ದಕ್ಕೆ ಮುಖ್ಯ ಕಾರಣ ಸೂರ್ಯ ಅಲ್ಲ, ಮಣ್ಣು. ವಿದ್ಯುತ್ ತಂತಿ, ಇಂಟರ್‌ನೆಟ್ ತಂತಿ ಎಲ್ಲವನ್ನೂ ಊರೊಳಗೆ ನೆಲದಡಿ ಹೂತಿದ್ದರು. ಬೀಳಲು ಕಂಬವೇ ಇಲ್ಲದ ಮೇಲೆ ಮರ ಬಿದ್ದು ತಂತಿ ಹರಿಯುವ ಪ್ರಶ್ನೆಯೇ ಇಲ್ಲ. ಊರಿಗೆ ಬರುವ ದೊಡ್ಡ ಲೈನುಗಳನ್ನೂ ಗಾಳಿ ತಡೆಯುವಂತೆ ಗಟ್ಟಿ ಮಾಡಿದ್ದರು. ಮನೆಗಳು ಗಟ್ಟಿ ಯಾಕೆ ಅಂದರೆ, 1992ರ ಆಂಡ್ರೂ ಚಂಡಮಾರುತ ದಕ್ಷಿಣ ಫ್ಲಾರಿಡಾವನ್ನು ಧೂಳೀಪಟ ಮಾಡಿದ ಮೇಲೆ ಆ ರಾಜ್ಯ ಕಟ್ಟಡ ನಿಯಮಗಳನ್ನು ಬಿಗಿ ಮಾಡಿತು. ಇಲ್ಲಿನ ಎಲ್ಲ ಮನೆಯೂ ಆ ಬಿಗಿ ನಿಯಮದ ಕಾಲದಲ್ಲಿ ಕಟ್ಟಿದವು.

ಎಲ್ಲಕ್ಕಿಂತ ಹೆಚ್ಚಿನ ಕೆಲಸ ಮಾಡಿದ್ದು ನೀರಿನ ಲೆಕ್ಕ. ಇಯಾನ್‌ನಲ್ಲಿ ಜನರನ್ನು ಹೆಚ್ಚಾಗಿ ಕೊಂದದ್ದು ಗಾಳಿಯಲ್ಲ, ನುಗ್ಗಿ ಬಂದ ಕಡಲು. ಬಾಬ್‌ಕಾಕ್ ರಾಂಚ್ ಇರೋದು ಕಡಲಿನಿಂದ ದೂರ, ಒಳನಾಡಿನಲ್ಲಿ, ಸಮುದ್ರಮಟ್ಟದಿಂದ 25-30 ಅಡಿ ಎತ್ತರದಲ್ಲಿ. ಕಟ್ಟುವಾಗ ಜವುಗು ನೆಲಗಳನ್ನು ಮುಚ್ಚುವ ಬದಲು ಉಳಿಸಿಕೊಂಡರು, ನೀರಿನ ಹಳೇ ದಾರಿಗಳನ್ನು ಬಿಟ್ಟುಕೊಟ್ಟರು. ಮಳೆನೀರು ಮೊದಲು ಕೆರೆಗಳಿಗೆ ಹೋಗಬೇಕು. ಅಲ್ಲೂ ಹಿಡಿಸದಿದ್ದರೆ ರಸ್ತೆಯ ಮೇಲೆ ನಿಲ್ಲಬೇಕು. ಮನೆಯ ಹೊಸ್ತಿಲಿಗೆ ಬರಬಾರದು. ಹೌದು, ರಸ್ತೆಯಲ್ಲಿ ನೀರು ನಿಲ್ಲಲಿ ಅಂತಲೇ ವಿನ್ಯಾಸ ಮಾಡಿದ್ದಾರೆ. ಬದಿಯಲ್ಲಿ ಆ ಮಣ್ಣಿನದೇ ಗಿಡ, ಹುಲ್ಲು. ನೀರನ್ನು ಹಿಡಿದು ಇಂಗಿಸಲು. ಚಂಡಮಾರುತ ಕಳೆದ ಮೇಲೆ ಊರಿನ ನಷ್ಟ ಅಂದರೆ ಬಿದ್ದ ಕೆಲವು ಮರ, ಹಾರಿಹೋದ ಛಾವಣಿಯ ಒಂದಷ್ಟು ತುಂಡು. ಅಲ್ಲಿನ ಶಾಲೆಯ ಕಟ್ಟಡದಲ್ಲಿ ಹೊರಗಿನವರಿಗೂ ಆಸರೆ ಕೊಟ್ಟರು.

ಈ ಪಟ್ಟಿಯಲ್ಲಿ ಯಾವುದಾದರೂ ಹೊಸ ಶೋಧನೆ ಇದೆಯಾ ಹೇಳಿ. ದಿಬ್ಬದ ಮೇಲೆ ಮನೆ ಕಟ್ಟು, ತಗ್ಗನ್ನು ನೀರಿಗೆ ಬಿಡು, ಕಾಲುವೆ ಮುಚ್ಚಬೇಡ. ನಮ್ಮ ಊರುಗಳಲ್ಲಿ ಕೆರೆ ಕಟ್ಟಿ, ಒಂದು ಕೆರೆಯ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಮಾಡಿದವರಿಗೆ ಇದು ಗೊತ್ತಿತ್ತು.

ಗೊತ್ತಿದ್ದೂ ಏನಾಯ್ತು ಅನ್ನೋದಕ್ಕೆ ಅದೇ ತಿಂಗಳು, ಅದೇ 2022ರ ಸೆಪ್ಟೆಂಬರ್ ಸಾಕ್ಷಿ. ಇಯಾನ್‌ಗೆ ಮೂರು ವಾರ ಮುಂಚೆ, 4ನೇ ತಾರೀಕಿನ ರಾತ್ರಿ ಬೆಂಗಳೂರಲ್ಲಿ ಸುಮಾರು 130 ಮಿಲಿಮೀಟರ್ ಮಳೆ ಸುರಿಯಿತು. ಸರ್ಜಾಪುರ ರಸ್ತೆಯ ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳ ಒಳಗೆ ನೀರು. ಜನರನ್ನು ದೋಣಿಯಲ್ಲಿ ಹೊರಗೆ ತಂದರು. ಲ್ಯಾಪ್‌ಟಾಪ್ ಬ್ಯಾಗ್ ನೇತುಹಾಕಿಕೊಂಡ ಇಂಜಿನಿಯರುಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಫೋಟೋ ನೆನಪಿದೆಯಲ್ಲ? ಸಮುದ್ರಮಟ್ಟದಿಂದ 30 ಅಡಿ ಮೇಲಿದ್ದ ಊರು ಚಂಡಮಾರುತದಲ್ಲಿ ಒಣಗಿ ನಿಂತಿತು. 3,000 ಅಡಿ ಮೇಲಿರುವ ನಾವು ಒಂದು ರಾತ್ರಿಯ ಮಳೆಗೆ ಮುಳುಗಿದೆವು. ನಮ್ಮಲ್ಲಿ ತಂತ್ರಜ್ಞಾನ ಕಡಿಮೆ ಇತ್ತಾ? ಜನರೇಟರ್ ಇತ್ತು, ಸೋಲಾರ್ ವಾಟರ್ ಹೀಟರ್ ಇತ್ತು, ಗೇಟಲ್ಲಿ ಆ್ಯಪ್ ಇತ್ತು. ರಾಜಕಾಲುವೆಗೆ ಜಾಗ ಇರಲಿಲ್ಲ, ಅಷ್ಟೆ.

ಹಾಗಂತ ಬಾಬ್‌ಕಾಕ್ ರಾಂಚನ್ನು ದೇವರಮನೆಯಲ್ಲಿಟ್ಟು ಪೂಜೆ ಮಾಡೋದೂ ಬೇಡ. ಅದರ ಗೆಲುವಿಗೆ ಒಂದು ಷರತ್ತಿದೆ: ಖಾಲಿ ಜಮೀನು, ಒಬ್ಬನೇ ಯಜಮಾನ, ಹೊಸ ಮನೆ ಕೊಳ್ಳುವ ತಾಕತ್ತಿರುವ ಜನ. ಇಯಾನ್ ನುಂಗಿದ ಫೋರ್ಟ್ ಮೈಯರ್ಸ್ ಬೀಚ್‌ನಲ್ಲಿ ಹಳೇ ಮನೆಗಳಿದ್ದವು, ಮೊಬೈಲ್ ಹೋಮ್‌ಗಳಿದ್ದವು. ಅವರಿಗೆ ಈ ಮಾದರಿ ಹೇಳುವುದು ಒಂದೇ ಮಾತು: ಒಳ್ಳೆ ಜಾಗಕ್ಕೆ ಹೋಗಿ. ಹೋಗಲು ದುಡ್ಡು ಇಲ್ಲದವರಿಗೆ ಅದರ ಹತ್ತಿರ ಉತ್ತರ ಇಲ್ಲ. ಇನ್ನೊಂದು, ಎಷ್ಟೇ ಸೋಲಾರ್ ಅಂದರೂ ಇದು ಪಟ್ಟಣದಿಂದ ದೂರ ಹರಡಿಕೊಂಡ ಅಮೆರಿಕನ್ ಉಪನಗರವೇ. ಊರೊಳಗೆ ನಡೆಯಲು ಒಳ್ಳೇ ದಾರಿಗಳಿವೆ. ಊರು ದಾಟಬೇಕು ಅಂದರೆ ಕಾರು ಬೇಕು. ದನಗಾವಲನ್ನು ಅಗೆದು 19,500 ಮನೆ ಕಟ್ಟಿ, ಅವಕ್ಕೆಲ್ಲ ಕಾರು ಕೊಟ್ಟು, ಪಕ್ಕದಲ್ಲಿ ಪ್ಯಾನೆಲ್ ಹಾಸಿದರೆ ಲೆಕ್ಕ ಸರಿಹೋಯಿತು ಅನ್ನೋದು ಸ್ವಲ್ಪ ಸುಲಭದ ಲೆಕ್ಕ.

ಚಂಡಮಾರುತ ಒಂದು ಪರೀಕ್ಷೆ. ಇಂಥ ಊರುಗಳಿಗೆ ಇನ್ನೂ ಒಂದು ಪರೀಕ್ಷೆ ಇದೆ, ಅದಕ್ಕೆ ಟಿವಿಯವರು ಬರೋದಿಲ್ಲ: ವಯಸ್ಸು. ಬಾಬ್‌ಕಾಕ್ ರಾಂಚ್ ಇನ್ನೂ ಎಳೇ ಊರು, ಆದ್ದರಿಂದ ಇದಕ್ಕೆ ಕೆನಡಾದ ಉದಾಹರಣೆ ತಗೋಬೇಕು. ಆಲ್ಬರ್ಟಾ ಪ್ರಾಂತ್ಯದ ಓಕೋಟೋಕ್ಸ್‌ನಲ್ಲಿ ಡ್ರೇಕ್ ಲ್ಯಾಂಡಿಂಗ್ ಅಂತ 52 ಮನೆಗಳ ಬಡಾವಣೆ ಇತ್ತು, 2007ರಿಂದ ನಡೆದದ್ದು. ಗ್ಯಾರೇಜುಗಳ ಮೇಲೆ 800 ಸೌರ ಫಲಕ. ಇವು ಕರೆಂಟಿಗಲ್ಲ, ಬಿಸಿಗೆ. ಬೇಸಿಗೆಯ ಬಿಸಿಯನ್ನು ನೆಲದೊಳಗೆ ಕೊರೆದ 144 ಬಾವಿಗಳಲ್ಲಿ ಕೂಡಿಟ್ಟು ಚಳಿಗಾಲಕ್ಕೆ ಮನೆ ಬೆಚ್ಚಗೆ ಮಾಡೋದು. ನಮ್ಮ ಅಜ್ಜಿಯರು ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ ಮಾಡಿ ಮಳೆಗಾಲಕ್ಕೆ ಇಟ್ಟ ಹಾಗೆ. ಅದ್ಭುತವಾಗಿ ನಡೆಯಿತು. 2015-16ರ ಚಳಿಗಾಲದಲ್ಲಿ ಅಷ್ಟೂ ಮನೆಗಳ ಬಿಸಿ ಪೂರ್ತಿ ಸೂರ್ಯನಿಂದಲೇ ಬಂತು, ಅದೂ ಕೆನಡಾದ ಚಳಿಯಲ್ಲಿ! ಆಮೇಲೆ ಭಾಗಗಳು ಹಳತಾದವು. ಅಲ್ಲಿಗೆಂದೇ ಮಾಡಿದ ವ್ಯವಸ್ಥೆ, ಅಂಗಡಿಗೆ ಹೋಗಿ ತರುವ ಬಿಡಿಭಾಗ ಅಲ್ಲ. ರಿಪೇರಿ ಕೈಗೆಟುಕದೆ ಹೋಯ್ತು. 2024ರಲ್ಲಿ ಅದನ್ನು ಮುಚ್ಚಿ, ಮನೆಗಳಿಗೆ ಗ್ಯಾಸ್ ಒಲೆಗಳ ಮೂಲಕ ಬಿಸಿ ಕೊಡುವ ಮಾಮೂಲಿ ವ್ಯವಸ್ಥೆ ಹಾಕಿದರು. ವಿಜ್ಞಾನ ಸೋಲಲಿಲ್ಲ. ರಿಪೇರಿ ಮಾಡುವವರು ಯಾರು, ದುಡ್ಡು ಯಾರದು ಅನ್ನೋ ಪ್ರಶ್ನೆಗೆ ಉತ್ತರ ಇರಲಿಲ್ಲ.

ಇದನ್ನು ಓದಿ, ಹಾಗಾದ್ರೆ ಸೋಲಾರ್ ಬೇಡವಾ ಅಂತ ಕೇಳಬೇಡಿ. ಖಂಡಿತ ಬೇಕು. 870 ಎಕರೆ ಪ್ಯಾನೆಲ್ಲಿನಿಂದ ಸುಡದೆ ಉಳಿದ ಅನಿಲ ಸಣ್ಣ ಮಾತಲ್ಲ. ನನ್ನ ವಾದ ಇಷ್ಟೇ: ಪ್ಯಾನೆಲ್ಲು ಕರೆಂಟು ಮಾಡುತ್ತೆ, ಊರು ಮಾಡೋದಿಲ್ಲ. ಪ್ಯಾನೆಲ್ಲನ್ನು ಕಟ್ಟಿ ಮುಗಿದ ಮೇಲೂ ತಂದು ಜೋಡಿಸಬಹುದು. ತಪ್ಪು ಜಾಗದಲ್ಲಿ ಕಟ್ಟಿದ ಮನೆಯನ್ನು ಎತ್ತಿ ದಿಬ್ಬದ ಮೇಲೆ ಇಡಲಾಗದು. ಆದರೂ ಬ್ರೋಷರಿನಲ್ಲಿ ಮುಖಪುಟಕ್ಕೆ ಬರೋದು ಪ್ಯಾನೆಲ್ಲು. ಯಾಕೆಂದರೆ ಅದರ ಫೋಟೋ ಚೆನ್ನಾಗಿ ಬರುತ್ತೆ. ಕಾಲುವೆಗೆ ಬಿಟ್ಟ ಜಾಗದ ಫೋಟೋ ಖಾಲಿ ಜಾಗದ ಹಾಗೆ ಕಾಣುತ್ತೆ, ಬಿಲ್ಡರ್ ಕಣ್ಣಿಗೆ ಮಾರದೆ ಬಿಟ್ಟ ಸೈಟಿನ ಹಾಗೆ.

ಹಾಗಾಗಿ ಈ ವಾರಾಂತ್ಯ ನೀವು ದೇವನಹಳ್ಳಿ ಕಡೆಗೋ ಸರ್ಜಾಪುರದ ಕಡೆಗೋ 'ಸ್ಮಾರ್ಟ್, ಸೋಲಾರ್, ಸಸ್ಟೇನಬಲ್' ಅಂತ ಬೋರ್ಡು ಹಾಕಿದ ಜಾಗ ನೋಡಲು ಹೊರಟಿದ್ದರೆ, ಮಾಡೆಲ್ ಮನೆಯಲ್ಲಿ ಕಾಫಿ ಕುಡಿಯುವಾಗ ನಾಲ್ಕು ಪ್ರಶ್ನೆ ಕೇಳಿ. ದೊಡ್ಡ ಮಳೆ ಬಂದರೆ ಇಲ್ಲಿನ ನೀರು ಯಾವ ಕೆರೆಗೆ ಹೋಗುತ್ತೆ? ಮೇಲಿನ ಕೆರೆ ಕೋಡಿ ಬಿದ್ದರೆ ಅದರ ನೀರು ಎಲ್ಲಿಂದ ಹಾದು ಹೋಗುತ್ತೆ? ತಂತಿ ನೆಲದಡಿಯೋ ಕಂಬದ ಮೇಲೋ? ಹತ್ತು ವರ್ಷದ ಮೇಲೆ ಇನ್ವರ್ಟರ್, ಬ್ಯಾಟರಿ ಬದಲಿಸುವ ದುಡ್ಡು ಯಾರ ಖಾತೆಯದು? ಸೇಲ್ಸ್ ಹುಡುಗ ಕ್ಲಬ್‌ಹೌಸ್ ತೋರಿಸಲು ಕರೆದರೆ ಹೋಗಿ, ತಪ್ಪೇನಿಲ್ಲ. ಆದರೆ ಅದಕ್ಕೆ ಮುಂಚೆ ಮೊಬೈಲಿನಲ್ಲಿ ಸರ್ಕಾರದ 'ದಿಶಾಂಕ್' ಆ್ಯಪ್ ತೆರೆದು, ನೀವು ನಿಂತಿರುವ ಸರ್ವೆ ನಂಬರಿನ ಸುತ್ತ ಹಳೇ ಗ್ರಾಮನಕ್ಷೆಯಲ್ಲಿ ಕೆರೆ, ಹಳ್ಳ ಎಲ್ಲಿತ್ತು ಅಂತ ಒಮ್ಮೆ ನೋಡಿಕೊಳ್ಳಿ. ಎರಡು ನಿಮಿಷದ ಕೆಲಸ. ಮುಂಗಡ ಕೊಡುವುದು ಅದಾದ ಮೇಲೆ.